ಕುಂಡದ ಮೆಣಸಿನ ಗಿಡ ಸೊರಗಿದೆಯೇ? ಔಷಧಿಗೆ ಮೊದಲು ನೋಡಬೇಕಾದದ್ದು

ಎಲೆ ಹಳದಿಯಾದದ್ದು ಕಂಡ ಕೂಡಲೇ ಕೈ ಗೊಬ್ಬರದ ಡಬ್ಬಕ್ಕೆ ಹೋಗುತ್ತದೆ. ಎರಡು ದಿನ ಬಿಟ್ಟು ಬೇವಿನ ಎಣ್ಣೆ. ಆಮೇಲೆ ಯಾರೋ ಹೇಳಿದರೆಂದು ಎಪ್ಸಮ್ ಉಪ್ಪು (ಮೆಗ್ನೀಷಿಯಂ ಸಲ್ಫೇಟ್), ಅದರ ಮೇಲೆ ಇನ್ನೊಂದು ಚೊಂಬು ನೀರು. ಎರಡು ವಾರದಲ್ಲಿ ಗಿಡ ಸತ್ತಿರುತ್ತದೆ. ಯಾವುದರಿಂದ ಸತ್ತಿತು ಅನ್ನುವುದೂ ತಿಳಿದಿರುವುದಿಲ್ಲ. ನನ್ನ ಮೊದಲ ಎರಡು ಮೆಣಸಿನ ಗಿಡಗಳು ಹೋದದ್ದು ಹೀಗೆಯೇ. ರೋಗ ಯಾವುದೆಂದು ನೋಡದೆ ಮಾಡಿದ ಆರೈಕೆ, ರೋಗಕ್ಕಿಂತ ಬೇಗ ಗಿಡವನ್ನು ಮುಗಿಸುತ್ತದೆ.

ಮೊದಲ ಸಲ ಮೆಣಸಿನಕಾಯಿ ಗಿಡ ಬೆಳೆಸುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಗಿಡ ಬಾಲ್ಕನಿಯಲ್ಲಿರಲಿ, ತಾರಸಿಯಲ್ಲಿರಲಿ, ಮನೆಯೊಳಗೆ ಎಲ್ಇಡಿ ದೀಪದ ಕೆಳಗಿರಲಿ, ಹುಡುಕುವ ಕ್ರಮ ಒಂದೇ. ಟೊಮೆಟೊ, ಬದನೆ, ಮೆಣಸು ಒಂದೇ ಕುಟುಂಬದವು. ಇಲ್ಲಿ ಹೇಳಿದ್ದರಲ್ಲಿ ಮುಕ್ಕಾಲು ಪಾಲು ಆ ಗಿಡಗಳಿಗೂ ಹೊಂದುತ್ತದೆ.

ಮೊದಲ ಐದು ನಿಮಿಷ: ಬರಿಗೈಯಲ್ಲಿ ನೋಡುವುದು

ಗಿಡವನ್ನು ಹಗಲು ಬೆಳಕಿಗೆ ತನ್ನಿ. ಗ್ರೋ ಲೈಟ್‌ನ ನೇರಳೆ ಬೆಳಕಿನಲ್ಲಿ ಹಸಿರು ಯಾವುದು, ಹಳದಿ ಯಾವುದು ಎಂದು ಗೊತ್ತಾಗುವುದಿಲ್ಲ. ಆಮೇಲೆ ಇದೇ ಕ್ರಮದಲ್ಲಿ ನೋಡಿ.

ಕುಂಡವನ್ನು ಎತ್ತಿ ಭಾರ ನೋಡಿ. ಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ. ಕೆಳಗಿನ ತೂತು ತೆರೆದಿದೆಯೇ, ತಟ್ಟೆಯಲ್ಲಿ ನೀರು ನಿಂತಿದೆಯೇ ನೋಡಿ. ನಂತರ ಗಿಡದ ಬುಡ, ಅಲ್ಲಿಂದ ಹಳೆಯ ಎಲೆ, ಕೊನೆಗೆ ಚಿಗುರು. ಪ್ರತಿ ಹಂತದಲ್ಲೂ ಎಲೆಯನ್ನು ತಿರುಗಿಸಿ ಅದರ ಬೆನ್ನು ನೋಡಿ. ಹೆಚ್ಚಿನವರು ಮೇಲಿನಿಂದ ನೋಡಿ ತೀರ್ಮಾನಕ್ಕೆ ಬರುತ್ತಾರೆ. ಹೆಚ್ಚಿನ ಕೀಟಗಳು ಇರುವುದು ಎಲೆಯ ಅಡಿಯಲ್ಲಿ.

ಇಷ್ಟು ನೋಡುವಾಗ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಪ್ರಶ್ನೆ ಒಂದೇ: ತೊಂದರೆ ಶುರುವಾದದ್ದು ಹಳೆಯ ಎಲೆಯಲ್ಲೋ, ಹೊಸ ಚಿಗುರಿನಲ್ಲೋ? ಈ ಒಂದು ಉತ್ತರ ಅರ್ಧ ದಾರಿ ಸವೆಸುತ್ತದೆ. ಇನ್ನರ್ಧಕ್ಕೆ ಕಳೆದ ಎರಡು ವಾರಗಳಲ್ಲಿ ಏನು ಬದಲಾಯಿತು ಎಂದು ನೆನಪಿಸಿಕೊಳ್ಳಿ. ಕುಂಡ ಬದಲಾಯಿಸಿದಿರಾ? ಜಾಗ ಬದಲಾಯಿತೇ? ಪಕ್ಕಕ್ಕೆ ಹೊಸ ಗಿಡ ಬಂತೇ? ಹೊಸ ಗೊಬ್ಬರವೇ?

ಮದ್ದು ಮಾಡುವುದಾದರೂ ಒಂದು ಸಲಕ್ಕೆ ಒಂದೇ ಬದಲಾವಣೆ. ಮಾಡಿ, ಏಳರಿಂದ ಹತ್ತು ದಿನ ಕಾಯಿರಿ. ಪೂರ್ತಿ ಹಳದಿಯಾದ ಎಲೆ ಮತ್ತೆ ಹಸಿರಾಗುವುದು ಅಪರೂಪ, ಸುಟ್ಟ ಅಂಚು ಸರಿಯಾಗುವುದೇ ಇಲ್ಲ. ಆದ್ದರಿಂದ ಕೆಟ್ಟ ಎಲೆಯನ್ನು ದಿನಾ ನೋಡುತ್ತ ಕೂತರೆ ಮದ್ದು ಹತ್ತಿತೋ ಇಲ್ಲವೋ ತಿಳಿಯುವುದಿಲ್ಲ. ಹೊಸದಾಗಿ ಬರುವ ಎರಡು ಎಲೆಗಳೇ ಉತ್ತರ. ಚಿಗುರಿನ ಕೆಳಗೆ ಒಂದು ದಾರ ಸಡಿಲವಾಗಿ ಕಟ್ಟಿಬಿಡಿ. ದಾರದ ಮೇಲೆ ಬಂದದ್ದೆಲ್ಲ ಮದ್ದಿನ ನಂತರದ್ದು.

ಗಿಡ ಬಾಡಿ ಜೋತುಬಿದ್ದಿದೆ

ಬಾಡಿದ ಗಿಡಕ್ಕೆ ನೀರು ಬೇಕು ಎಂದು ಎಲ್ಲರಿಗೂ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು.

ನನ್ನ ಎರಡನೇ ಗಿಡ ಮೊಣಕಾಲೆತ್ತರ ಬಂದಿತ್ತು. ಒಂದು ಬೆಳಿಗ್ಗೆ ಎಲೆಗಳೆಲ್ಲ ಕೆಳಗೆ ಜೋತುಬಿದ್ದಿದ್ದವು. ಮೇಲ್ಮಣ್ಣು ಮುಟ್ಟಿದೆ, ಒಣಗಿ ಹಪ್ಪಳದ ಹಾಗೆ ಗಟ್ಟಿಯಾಗಿತ್ತು. ನೀರು ಹಾಕಿದೆ. ಮರುದಿನ ಇನ್ನೂ ಬಾಡಿತು. ಮತ್ತೆ ಹಾಕಿದೆ. ಐದನೇ ದಿನ ಕೆಳಗಿನ ಎಲೆಗಳು ಹಳದಿಯಾಗಿ ಉದುರತೊಡಗಿದಾಗ ದ್ರವ ಗೊಬ್ಬರ ಕೊಟ್ಟೆ. ಕೊನೆಗೆ ಕುಂಡವನ್ನು ಬೋರಲು ಹಾಕಿ ಗಿಡವನ್ನು ಹೊರಗೆಳೆದಾಗ ಬೇರಿನ ಮುದ್ದೆಯ ಕೆಳಗಿನ ಅರ್ಧ ಕೆಸರಾಗಿತ್ತು, ಕೊಳೆತ ಚರಂಡಿ ವಾಸನೆ. ಒಂದು ಬೇರನ್ನು ಎರಡು ಬೆರಳ ನಡುವೆ ಹಿಡಿದು ಎಳೆದೆ. ಕಂದು ಸಿಪ್ಪೆ ಕೈಗೆ ಕಳಚಿ ಬಂತು, ಒಳಗಿನ ದಾರದಂಥ ಎಳೆ ಮಾತ್ರ ಗಿಡದಲ್ಲೇ ಉಳಿಯಿತು. ಬೇರುಕೊಳೆಯ ಗುರುತು ಇದೇ. ಆರೋಗ್ಯವಾದ ಬೇರು ಬಿಳಿಯಾಗಿ ಅಥವಾ ತುಸು ಕೆನೆಬಣ್ಣದಲ್ಲಿರುತ್ತದೆ, ಎಳೆದರೆ ಗಟ್ಟಿ, ವಾಸನೆ ಮಳೆಬಿದ್ದ ಮಣ್ಣಿನದು.

ನೀರಿನಲ್ಲಿ ನಿಂತ ಗಿಡ ಬಾಡುವುದು ಯಾಕೆ? ಬೇರೂ ಉಸಿರಾಡುತ್ತದೆ. ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಮಣ್ಣಿನ ಸಂದುಗಳಲ್ಲಿ ಗಾಳಿಯ ಬದಲು ನೀರು ತುಂಬಿದರೆ ಬೇರು ಉಸಿರುಗಟ್ಟಿ ಸಾಯುತ್ತದೆ, ಸತ್ತ ಬೇರಿನ ಮೇಲೆ ಪಿಥಿಯಂನಂಥ ಬೇರು ಕೊಳೆಸುವ ಸೂಕ್ಷ್ಮಜೀವಿಗಳು ಹಬ್ಬುತ್ತವೆ. ಸತ್ತ ಬೇರು ನೀರೆಳೆಯದು. ಸುತ್ತ ನೀರಿದ್ದೂ ಗಿಡಕ್ಕೆ ಬಾಯಾರಿಕೆ. ಬಾಯಾರಿ ಬಾಡಿದ ಗಿಡವೂ ಬೇರು ಕೊಳೆತು ಬಾಡಿದ ಗಿಡವೂ ಕಣ್ಣಿಗೆ ಒಂದೇ ಥರ ಕಾಣುವುದು ಇದಕ್ಕೇ.

ಅವೆರಡನ್ನು ಬೇರ್ಪಡಿಸುವುದು ಕುಂಡದ ಭಾರ. ಹಗುರವಾಗಿದ್ದು ಗಿಡ ಬಾಡಿದ್ದರೆ ಬಾಯಾರಿಕೆ: ನೀರು ಹಾಕಿದ ಒಂದೆರಡು ಗಂಟೆಯಲ್ಲಿ ತಲೆ ಎತ್ತುತ್ತದೆ. ಭಾರವಾಗಿದ್ದು ಬಾಡಿದ್ದರೆ ಒಂದು ಹನಿಯೂ ಹಾಕಬೇಡಿ. ನೀರು ಕುಡಿಸಿದ ಕೂಡಲೇ ಒಮ್ಮೆ, ನಾಲ್ಕು ದಿನದ ನಂತರ ಒಮ್ಮೆ ಎತ್ತಿ ನೋಡಿದರೆ ಸಾಕು, ಕೈಗೆ ಅಂದಾಜು ಬಂದುಬಿಡುತ್ತದೆ. ತೇವ ತೋರಿಸುವ ಅಗ್ಗದ ಮೀಟರುಗಳಿಗಿಂತ ಈ ಕೈಯಂದಾಜನ್ನೇ ನಾನು ನಂಬುತ್ತೇನೆ.

ಬೇರು ಅರ್ಧಕ್ಕಿಂತ ಕಡಿಮೆ ಕೊಳೆತಿದ್ದರೆ ಗಿಡ ಉಳಿಯಬಹುದು. ಕಂದು ಬೇರನ್ನೆಲ್ಲ ಶುಭ್ರ ಕತ್ತರಿಯಿಂದ ತೆಗೆದು, ಹೊಸ ಸಡಿಲ ಮಣ್ಣಿಗೆ, ಉಳಿದ ಬೇರಿಗೆ ತಕ್ಕಷ್ಟೇ ದೊಡ್ಡ ಕುಂಡಕ್ಕೆ ಹಾಕಿ. ಬೇರು ಕಡಿಮೆಯಾದಷ್ಟು ಮೇಲಿನ ಕೊಂಬೆಯನ್ನೂ ಕಡಿಮೆ ಮಾಡಿ. ಒಂದು ವಾರ ನೆರಳು ನೆರಳಾದ ಜಾಗ. ಹೊಸ ಎಲೆ ಕಾಣುವ ತನಕ ಗೊಬ್ಬರದ ಮಾತೇ ಬೇಡ.

ಕುಂಡದ ತಳಕ್ಕೆ ಜಲ್ಲಿಕಲ್ಲು ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಅದು ನಿಜವಲ್ಲ. ಸಣ್ಣ ಸಂದಿನ ಮಣ್ಣಿನಿಂದ ದೊಡ್ಡ ಸಂದಿನ ಕಲ್ಲಿಗೆ ನೀರು ಸಲೀಸಾಗಿ ಇಳಿಯುವುದಿಲ್ಲ. ಮೇಲಿನ ಮಣ್ಣು ಪೂರ್ತಿ ನೆನೆದು ತುಂಬುವ ತನಕ ಅಲ್ಲೇ ನಿಲ್ಲುತ್ತದೆ. ಕಲ್ಲು ಹಾಕಿದಷ್ಟು ಎತ್ತರಕ್ಕೆ ಕೆಸರಿನ ಪದರ ಏರಿ ಬೇರಿಗೆ ಹತ್ತಿರವಾಗುತ್ತದೆ, ಅಷ್ಟೇ. ಬಸಿಯಬೇಕಾದರೆ ಮಣ್ಣನ್ನೇ ಸಡಿಲ ಮಾಡಬೇಕು: ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು), ದಪ್ಪ ಮರಳು, ತೆಂಗಿನ ನಾರು.

ಇದಕ್ಕೆ ತದ್ವಿರುದ್ಧವಾದ ದೋಷವೂ ಒಂದಿದೆ. ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಹೆಚ್ಚಿರುವ ಮಣ್ಣು ಒಮ್ಮೆ ಪೂರ್ತಿ ಒಣಗಿದರೆ ಕುಗ್ಗಿ ಕುಂಡದ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಮೇಲೆ ಹಾಕಿದ ನೀರು ಆ ಸಂದಿನಲ್ಲಿ ಜಾರಿ ತಕ್ಷಣ ತಟ್ಟೆಗೆ ಬರುತ್ತದೆ, ನಡುವಿನ ಬೇರು ಒಣಗಿಯೇ ಇರುತ್ತದೆ. ಇಲ್ಲೂ ಭಾರವೇ ಸುಳಿವು: ನೀರು ಹಾಕಿದ ಮೇಲೂ ಕುಂಡ ಹಗುರ. ಒಂದು ಬಕೆಟ್ ನೀರಿನಲ್ಲಿ ಕುಂಡವನ್ನು ಅರ್ಧ ಗಂಟೆ ಕೂರಿಸಿ, ಆಮೇಲೆ ಚೆನ್ನಾಗಿ ಬಸಿಯಲು ಬಿಡಿ.

ಬಿರುಬಿಸಿಲಿನ ಮಧ್ಯಾಹ್ನ ಎಲೆ ಇಳಿಬಿಟ್ಟು ಸಂಜೆಗೆ ಎದ್ದು ನಿಂತರೆ ಅದು ದೋಷವಲ್ಲ. ಕುಂಡದ ಹದವೂ ಸರಿಯಿದ್ದು, ಎಲೆ ಹಸಿರಾಗಿಯೇ ಇದ್ದು, ಎರಡು ಮೂರು ದಿನದಲ್ಲಿ ಇಡೀ ಗಿಡ ಕುಸಿದರೆ ಮಾತ್ರ ಸೊರಗು ರೋಗದ ಅನುಮಾನ ಪಡಬೇಕು. ಅದರ ಪರೀಕ್ಷೆ ಕೊನೆಯಲ್ಲಿದೆ.

ಎಲೆ ಹಳದಿಯಾಗುತ್ತಿದೆ

ನೀರಿನ ಲೆಕ್ಕ ಸರಿಯಿದೆ ಎಂದು ಖಾತ್ರಿಯಾದ ಮೇಲಷ್ಟೇ ಪೋಷಕಾಂಶದ ವಿಚಾರ. ಬೇರು ಕೆಟ್ಟಿದ್ದರೆ ಮಣ್ಣಲ್ಲಿ ಎಲ್ಲ ಇದ್ದರೂ ಗಿಡ ಉಪವಾಸ. ಆಗ ಕೊಟ್ಟ ಗೊಬ್ಬರ ಇನ್ನಷ್ಟು ಸುಡುತ್ತದೆ.

ಸಾರಜನಕ, ರಂಜಕ, ಪೊಟ್ಯಾಶಿಯಂ, ಮೆಗ್ನೀಷಿಯಂ ಇವು ಗಿಡದೊಳಗೆ ಓಡಾಡಬಲ್ಲವು. ಕೊರತೆಯಾದಾಗ ಗಿಡ ಹಳೆಯ ಎಲೆಯಿಂದ ಇವನ್ನು ಕಿತ್ತು ಚಿಗುರಿಗೆ ಕಳಿಸುತ್ತದೆ, ಹಾಗಾಗಿ ಮೊದಲು ಸೊರಗುವುದು ಕೆಳಗಿನ ಎಲೆ. ಕಬ್ಬಿಣ, ಕ್ಯಾಲ್ಸಿಯಂ, ಬೋರಾನ್ ಒಮ್ಮೆ ಕೂತ ಜಾಗದಿಂದ ಬಹುಮಟ್ಟಿಗೆ ಏಳುವುದಿಲ್ಲ. ಅವು ಕಡಿಮೆಯಾದರೆ ಏಟು ಬೀಳುವುದು ಚಿಗುರಿಗೆ. ಹಳೆಯದೋ ಹೊಸದೋ ಎಂಬ ಪ್ರಶ್ನೆಗೆ ಅಷ್ಟು ತೂಕ ಬಂದದ್ದು ಇದರಿಂದ.

ಕೆಳಗಿನ ಎಲೆ ನರದ ಸಮೇತ ಒಂದೇ ಸಮನೆ ತಿಳಿಹಳದಿಯಾಗುತ್ತ, ಗಿಡದ ಬೆಳವಣಿಗೆಯೂ ನಿಧಾನವಾಗಿದ್ದರೆ ಸಾರಜನಕ ಕಡಿಮೆ. ಕುಂಡಕ್ಕೆ ಹಾಕಿದ ಎರೆಗೊಬ್ಬರ ತಿಂಗಳೆರಡು ತಿಂಗಳಲ್ಲಿ ಸವೆದಿರುತ್ತದೆ, ಪ್ರತಿ ಸಲ ನೀರು ಬಸಿದಾಗ ಒಂದಿಷ್ಟು ಕೊಚ್ಚಿಯೂ ಹೋಗಿರುತ್ತದೆ. ಎರಡು ಹಿಡಿ ಎರೆಗೊಬ್ಬರ, ಅಥವಾ ಡಬ್ಬದ ಮೇಲೆ ಬರೆದ ಅಳತೆಯ ಅರ್ಧದಷ್ಟು ದ್ರವ ಗೊಬ್ಬರ ಸಾಕು.

ಕೆಳಗಿನ ಎಲೆಯೇ, ಆದರೆ ನರಗಳು ಹಸಿರಾಗಿ ಉಳಿದು ನಡುವಿನ ಜಾಗ ಮಾತ್ರ ಹಳದಿ. ಇದು ಮೆಗ್ನೀಷಿಯಂ. ಲೀಟರಿಗೆ 5 ಗ್ರಾಂ ಎಪ್ಸಮ್ ಉಪ್ಪು ಕರಗಿಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿ, ವಾರಕ್ಕೊಮ್ಮೆ, ಎರಡು ಮೂರು ಸಲ. ಪೊಟ್ಯಾಶ್ (ಪೊಟ್ಯಾಶಿಯಂ ಗೊಬ್ಬರ) ಅತಿಯಾಗಿ ಕೊಟ್ಟ ಕುಂಡದಲ್ಲೂ ಇದೇ ಲಕ್ಷಣ ಬರುತ್ತದೆ, ಯಾಕೆಂದರೆ ಬೇರಿನ ಬಾಗಿಲಲ್ಲಿ ಇವೆರಡಕ್ಕೂ ಪೈಪೋಟಿ.

ಅದೇ ಹಸಿರು ನರದ ಜಾಲ ಚಿಗುರೆಲೆಯಲ್ಲಿ ಕಂಡರೆ ಕಬ್ಬಿಣ. ಮಣ್ಣಿನಲ್ಲಿ ಕಬ್ಬಿಣವೇ ಇಲ್ಲ ಅನ್ನುವುದು ಅಪರೂಪ; ಇದ್ದೂ ಬೇರಿಗೆ ದಕ್ಕುತ್ತಿಲ್ಲ ಅನ್ನುವುದು ಸಾಮಾನ್ಯ. ಮೆಣಸಿಗೆ ಮಣ್ಣಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) 6ರಿಂದ 6.8ರ ನಡುವೆ ಇರಬೇಕು. ಗಡಸು ನೀರು ಹಾಕುತ್ತ ಹೋದರೆ ಅದು ಮೆಲ್ಲಗೆ ಮೇಲೇರಿ, 7.5 ದಾಟಿದಾಗ ಕಬ್ಬಿಣ ಕರಗದ ರೂಪಕ್ಕೆ ತಿರುಗುತ್ತದೆ. ಕುಂಡದಿಂದ ಬಸಿದ ನೀರನ್ನು ಪಿಎಚ್ ಪಟ್ಟಿಯಲ್ಲಿ ನೋಡಿದರೆ ಅಂದಾಜು ಸಿಗುತ್ತದೆ. ಚೀಲೇಟ್ ರೂಪದ, ಅಂದರೆ ಬೇರಿಗೆ ಸುಲಭವಾಗಿ ದಕ್ಕುವಂತೆ ಮಾಡಿದ ಕಬ್ಬಿಣ ತಾತ್ಕಾಲಿಕ ಪರಿಹಾರ; ಮಳೆನೀರು ಸಿಗುವವರು ಅದನ್ನೇ ಹಾಕಿದರೆ ಪಿಎಚ್ ಮತ್ತೆ ಏರುವುದು ತಪ್ಪುತ್ತದೆ. ಅತಿ ನೀರಿನಿಂದ ಬೇರು ದಣಿದಾಗಲೂ ಚಿಗುರು ಹೀಗೆ ಬಿಳಚಿಕೊಳ್ಳುತ್ತದೆ ಅನ್ನುವುದು ನೆನಪಿರಲಿ.

ಕೆಳಗಿನ ಎಲೆಯ ಅಂಚು ಕಂದಾಗಿ ಸುಟ್ಟಂತಿದ್ದರೆ ಎರಡು ಸಾಧ್ಯತೆ: ಪೊಟ್ಯಾಶ್ ಕೊರತೆ ಅಥವಾ ಉಪ್ಪಿನಂಶ ಹೆಚ್ಚಾಗಿರುವುದು. ಮನೆಯ ಕುಂಡದಲ್ಲಿ ನಾನು ಕಂಡದ್ದು ಹೆಚ್ಚಾಗಿ ಎರಡನೆಯದು. ಕುಂಡದ ಅಂಚಿನಲ್ಲಿ, ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟಿದೆಯೇ? ಹಾಗಾದರೆ ಗೊಬ್ಬರ ನಿಲ್ಲಿಸಿ, ಕುಂಡದ ಗಾತ್ರದ ಎರಡು ಮೂರು ಪಟ್ಟು ನೀರನ್ನು ನಿಧಾನವಾಗಿ ಹಾಯಿಸಿ ಪೂರ್ತಿ ಬಸಿದುಬಿಡಿ. ಇಲ್ಲಿ ಮಾತ್ರ ಧಾರಾಳವಾಗಿ ನೀರು ಹಾಕಿ ಎಂದು ಹೇಳುತ್ತೇನೆ, ಅದೂ ತೂತು ತೆರೆದಿದ್ದರೆ.

ಇಷ್ಟೆಲ್ಲ ಬಿಡಿಸಿ ನೋಡುವ ಬದಲು ಎಲ್ಲ ಸ್ವಲ್ಪ ಸ್ವಲ್ಪ ಹಾಕಿಬಿಟ್ಟರೆ ಆಗದೇ? ಆಗದು. 1828ರಲ್ಲಿ ಜರ್ಮನ್ ವಿಜ್ಞಾನಿ ಕಾರ್ಲ್ ಸ್ಪ್ರೆಂಗೆಲ್ ಹೇಳಿದ, 1840ರ ಹೊತ್ತಿಗೆ ಇನ್ನೊಬ್ಬ ಜರ್ಮನ್ ವಿಜ್ಞಾನಿ ಯುಸ್ಟುಸ್ ಫಾನ್ ಲೀಬಿಗ್ ಹೆಸರುವಾಸಿ ಮಾಡಿದ ನಿಯಮವೊಂದಿದೆ: ಗಿಡದ ಬೆಳವಣಿಗೆಯನ್ನು ತಡೆದು ಹಿಡಿಯುವುದು ಎಲ್ಲಕ್ಕಿಂತ ಕಡಿಮೆಯಿರುವ ಒಂದು ಅಂಶ. ಕಬ್ಬಿಣ ಸಿಗದ ಗಿಡಕ್ಕೆ ಎಷ್ಟು ಸಾರಜನಕ ಸುರಿದರೂ ಅದು ಉಪ್ಪಾಗಿ ಕೂರುತ್ತದೆ, ಕುಂಡದಂಥ ಚಿಕ್ಕ ಜಾಗದಲ್ಲಿ ಬೇರನ್ನು ಸುಡುತ್ತದೆ.

ಎಲೆ ಮುಟುರಿಕೊಂಡಿದೆ

ಮೆಣಸಿನ ಗಿಡ ಸಾಕಿದವರನ್ನು ಹೆಚ್ಚು ಕಂಗೆಡಿಸುವುದು ಇದು. ಎಲ್ಲವನ್ನೂ "ಮುಟುರು ರೋಗ" ಎಂದು ಒಂದೇ ಹೆಸರಲ್ಲಿ ಕರೆದು, ಒಂದೇ ಔಷಧಿ ಹೊಡೆಯುತ್ತಾರೆ. ಆದರೆ ಇದರ ಹಿಂದೆ ಕನಿಷ್ಠ ಮೂರು ಬೇರೆ ಬೇರೆ ಕಾರಣಗಳಿವೆ, ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಒಂದು ಮುಟುರಿದ ಎಲೆ ಕಿತ್ತು ಅಂಗೈ ಮೇಲಿಟ್ಟುಕೊಳ್ಳಿ. ಅಂಚುಗಳು ಮೇಲಕ್ಕೆ ಎದ್ದು ಎಲೆ ದೋಣಿಯ ಹಾಗಿದ್ದರೆ ಥ್ರಿಪ್ಸ್. ಅಂಚುಗಳು ಕೆಳಕ್ಕೆ ಮಡಚಿ, ದೋಣಿ ಮಗುಚಿದ ಹಾಗಿದ್ದು, ತೊಟ್ಟು ಉದ್ದವಾಗಿ ಎಲೆ ಕಿರಿದಾಗಿದ್ದರೆ ನುಸಿ.

ಥ್ರಿಪ್ಸ್ ಸುಮಾರು ಒಂದು ಮಿಲಿಮೀಟರ್ ಉದ್ದದ ಹುಳ, ತೆಳು ಹಳದಿ ಅಥವಾ ಕಂದು ಗೆರೆಯಂತೆ ಕಾಣುತ್ತದೆ. ಚಿಗುರಿನ ಕೆಳಗೆ ಬಿಳಿ ಹಾಳೆ ಹಿಡಿದು ಕೊಂಬೆಯನ್ನು ಎರಡು ಮೂರು ಸಲ ಜೋರಾಗಿ ತಟ್ಟಿ. ಬಿದ್ದ ಧೂಳಿನ ಕಣಗಳಲ್ಲಿ ಕೆಲವು ನಡೆಯತೊಡಗಿದರೆ ಅವೇ. ಎಲೆಯ ಅಡಿಯಲ್ಲಿ ಬೆಳ್ಳಿ ಮೆರುಗಿನ ಗೀರುಗಳೂ ಸಣ್ಣ ಕಪ್ಪು ಹಿಕ್ಕೆಯ ಚುಕ್ಕಿಗಳೂ ಇರುತ್ತವೆ. ಮೊದಲು ರಭಸದ ನೀರಿನಿಂದ ಎಲೆಯ ಅಡಿ ತೊಳೆಯಿರಿ. ಆಮೇಲೆ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಅದು ನೀರಲ್ಲಿ ಬೆರೆಯಲು ಕೆಲವು ಹನಿ ಸೋಪಿನ ದ್ರಾವಣ. ಬಿಸಿಲು ಇಳಿದ ಮೇಲೆ, ಎಲೆಯ ಅಡಿ ಒದ್ದೆಯಾಗುವಂತೆ, ಐದರಿಂದ ಏಳು ದಿನಕ್ಕೊಮ್ಮೆ ಮೂರು ಸಲ. ಒಂದೇ ಸಲ ಹೊಡೆದು ಬಿಟ್ಟರೆ ಪ್ರಯೋಜನವಿಲ್ಲ: ಮೊಟ್ಟೆಗಳು ಎಲೆಯ ಒಳಗೆ, ಗೂಡುಕಟ್ಟುವ ಹಂತದವು ಬಹುಪಾಲು ಮಣ್ಣಿನಲ್ಲಿ, ಎರಡಕ್ಕೂ ಔಷಧಿ ತಲುಪುವುದಿಲ್ಲ.

ನುಸಿಯ ಕಥೆ ಬೇರೆ. ಮೆಣಸಿನ ಚಿಗುರು ಹಾಳುಮಾಡುವ ನುಸಿ ಸುಮಾರು 0.2 ಮಿಲಿಮೀಟರ್, ಬರಿಗಣ್ಣಿಗೆ ಕಾಣದು. ಹತ್ತು ಪಟ್ಟಿಗಿಂತ ಹೆಚ್ಚು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಬೇಕು. ಕಾಣದಿದ್ದರೂ ಗುರುತು ಸ್ಪಷ್ಟ: ಚಿಗುರೆಲೆ ಒರಟಾಗಿ, ಗಡಸಾಗಿ, ಕೆಳಭಾಗ ಕಂದು ಬಣ್ಣಕ್ಕೆ ತಿರುಗಿ ಎಣ್ಣೆ ಸವರಿದಂತೆ ಹೊಳೆಯುತ್ತದೆ, ತುದಿ ಬೆಳೆಯುವುದೇ ನಿಂತು ಗೊಂಚಲಾಗುತ್ತದೆ. ಇದು ಕೀಟವಲ್ಲ, ಜೇಡದ ಬಳಗದ್ದು. ಹಾಗಾಗಿ ಎಷ್ಟೋ ಕೀಟನಾಶಕಗಳು ಇದರ ಮೇಲೆ ಕೆಲಸ ಮಾಡುವುದಿಲ್ಲ. ಕೆಲಸ ಮಾಡುವುದು ನೀರಲ್ಲಿ ಕರಗುವ ಗಂಧಕ, ಲೀಟರಿಗೆ 2ರಿಂದ 3 ಗ್ರಾಂ. ಎರಡು ಎಚ್ಚರಿಕೆ: ತಾಪಮಾನ 32 ಡಿಗ್ರಿ ದಾಟುವ ದಿನ ಬೇಡ, ಮತ್ತು ಎಣ್ಣೆ ಹೊಡೆದ ಎರಡು ವಾರದೊಳಗೆ ಬೇಡ. ಬಿಸಿಯಾಗಲಿ ಎಣ್ಣೆಯಾಗಲಿ ಗಂಧಕದ ಜೊತೆ ಸೇರಿದರೆ ಎಲೆ ಸುಡುತ್ತದೆ. ಥ್ರಿಪ್ಸೋ ನುಸಿಯೋ ಎಂದು ಮೊದಲು ತೀರ್ಮಾನಿಸಿ ಎಂದು ನಾನು ಪಟ್ಟು ಹಿಡಿಯುವುದು ಇದಕ್ಕಾಗಿಯೇ. ಗೊತ್ತಾಗದೆ ಬೇವಿನ ಎಣ್ಣೆ ಹೊಡೆದುಬಿಟ್ಟರೆ ಗಂಧಕಕ್ಕೆ ಎರಡು ವಾರ ಕಾಯಬೇಕು, ಅಷ್ಟರಲ್ಲಿ ಚಿಗುರು ಉಳಿದಿರುವುದಿಲ್ಲ.

ಮೂರನೆಯದು ವೈರಸ್. ಎಲೆ ಮುಟುರುವುದರ ಜೊತೆಗೆ ಹಳದಿ-ಹಸಿರು ಕಲೆ, ಉಬ್ಬಿದ ನರ, ಗಿಡವೇ ಗಿಡ್ಡವಾಗಿ ಪೊದೆಯಂತಾಗುವುದು. ಬಿಳಿ ನೊಣ ಹಾರಾಡುತ್ತಿದ್ದರೆ ಅನುಮಾನ ಗಟ್ಟಿ, ಎಲೆ ಮುಟುರಿನ ವೈರಸ್ಸನ್ನು ಗಿಡದಿಂದ ಗಿಡಕ್ಕೆ ಒಯ್ಯುವುದು ಅದೇ. ಚಿಗುರಿನ ಮೇಲೆ ಹೇನು ಗುಂಪುಗಟ್ಟಿದ್ದರೂ ಎಲೆ ಸುರುಟುತ್ತದೆ. ಅವು ಕಣ್ಣಿಗೆ ಕಾಣುತ್ತವೆ, ಬೆರಳಲ್ಲಿ ಒರೆಸಿ ಸೋಪಿನ ನೀರು ಸಿಂಪಡಿಸಿದರೆ ಹೋಗುತ್ತವೆ.

ಕೀಟದ ಸುಳಿವೇ ಇಲ್ಲದೆ, ಇಡೀ ಗಿಡದ ಎಲೆ ಮೇಲ್ಮುಖವಾಗಿ ಮಡಚಿ ಚರ್ಮದಂತಾಗಿದ್ದರೆ ಗಿಡ ಶಾಖ ತಾಳಲಾರದೆ ನೀರು ಉಳಿಸಿಕೊಳ್ಳುತ್ತಿದೆ. ದೀಪದ ಕೆಳಗಿರುವ ಗಿಡವಾದರೆ ಎಲೆಯ ಎತ್ತರದಲ್ಲಿ ಅಂಗೈ ಹಿಡಿದು ನೋಡಿ. ಬೆಚ್ಚಗೆ ಅನ್ನಿಸಿದರೆ ದೀಪ ಮೇಲೆ ಹೋಗಲಿ.

ಸಸಿಯ ತೊಂದರೆಗಳು

ಬೀಜ ಮೊಳೆಯದಿರುವುದಕ್ಕೆ ಮುಖ್ಯ ಕಾರಣ ತಂಪು ಮಣ್ಣು. 25ರಿಂದ 30 ಡಿಗ್ರಿಯಲ್ಲಿ ಸಾಮಾನ್ಯ ಮೆಣಸು ಒಂದೆರಡು ವಾರದಲ್ಲಿ ಮೊಳೆಯುತ್ತದೆ. ಅತಿ ಖಾರದ ಕೆಲವು ಜಾತಿಗಳಿಗೆ ನಾಲ್ಕು ವಾರವೂ ಬೇಕು. ಬೀಜ ಅರ್ಧ ಸೆಂಟಿಮೀಟರ್ ಆಳ ಸಾಕು, ಕೆದಕಿ ನೋಡಬೇಡಿ.

ನಿನ್ನೆ ನೆಟ್ಟಗಿದ್ದ ಸಸಿ ಇವತ್ತು ಮಣ್ಣಿನ ಮಟ್ಟದಲ್ಲಿ ದಾರದಷ್ಟು ತೆಳುವಾಗಿ ಬಿದ್ದಿದ್ದರೆ ಸಸಿ ಕೊಳೆ ರೋಗ. ಬಿದ್ದ ಸಸಿ ಬದುಕದು. ಉಳಿದವುಗಳಿಗೆ ಮೇಲ್ಮಣ್ಣು ಒಣಗಲು ಬಿಡಿ, ಮುಚ್ಚಳ ತೆಗೆಯಿರಿ, ಗಾಳಿ ಆಡಲಿ.

ಸಸಿ ಉದ್ದಕ್ಕೆ ಬಿಳಚಿಕೊಂಡು ಬೆಳೆದು ಬಾಗುತ್ತಿದ್ದರೆ ಬೆಳಕು ಸಾಲದು. ಕಿಟಕಿಯ ಪಕ್ಕ ನಮ್ಮ ಕಣ್ಣಿಗೆ ಬೆಳಕು ಧಾರಾಳ ಅನ್ನಿಸುತ್ತದೆ, ಗಿಡಕ್ಕೆ ಅದು ಸಾಲುವುದಿಲ್ಲ. ಹೊರಗಾದರೆ 6ರಿಂದ 8 ಗಂಟೆ ನೇರ ಬಿಸಿಲು, ದೀಪವಾದರೆ ದಿನಕ್ಕೆ 14ರಿಂದ 16 ಗಂಟೆ. ಚಿಕ್ಕ ಬಲ್ಬಾದರೆ ದೂರ ಎರಡು ಪಟ್ಟಾದಾಗ ಗಿಡಕ್ಕೆ ಬೀಳುವ ಬೆಳಕು ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ, ಹಾಗಾಗಿ ದೊಡ್ಡ ದೀಪ ಕೊಳ್ಳುವ ಮೊದಲು ಇರುವುದನ್ನೇ ಒಂದು ಗೇಣು ಕೆಳಗಿಳಿಸಿ ನೋಡಿ. ಒಳಗೆ ಬೆಳೆದ ಸಸಿಯನ್ನು ಒಮ್ಮೆಲೇ ಬಿಸಿಲಿಗಿಟ್ಟರೆ ಎಲೆ ಬಿಳಿ ಕಾಗದದಂತೆ ಬೆಂದುಹೋಗುತ್ತದೆ. ಮೊದಲ ದಿನ ಒಂದು ಗಂಟೆಯಿಂದ ಶುರುಮಾಡಿ ವಾರ ಹತ್ತು ದಿನದಲ್ಲಿ ಒಗ್ಗಿಸಿ.

ಮಣ್ಣಿನ ಮೇಲೆ ಹಾರಾಡುವ ಸಣ್ಣ ಕರಿ ನೊಣಗಳು ಮಣ್ಣು ಸದಾ ಒದ್ದೆಯಿರುವುದರ ಸುದ್ದಿ. ಮೇಲಿನ ಎರಡು ಸೆಂಟಿಮೀಟರ್ ಒಣಗಲು ಬಿಟ್ಟರೆ ಕಡಿಮೆಯಾಗುತ್ತವೆ.

ಹೂ ಬರುತ್ತದೆ, ಉದುರುತ್ತದೆ

ಹೂ ತೊಟ್ಟಿನ ಸಮೇತ ಹಳದಿಯಾಗಿ ಕಳಚಿ ಬೀಳುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಬಹುತೇಕ ಸಲ ಕಾರಣ ಹವೆ. ಹಗಲು 32-35 ಡಿಗ್ರಿ ಮೀರಿದರೆ, ರಾತ್ರಿ 24ಕ್ಕಿಂತ ಕೆಳಗಿಳಿಯದಿದ್ದರೆ, ಅಥವಾ 15ಕ್ಕಿಂತ ತಂಪಾದರೆ ಪರಾಗ ಕೆಡುತ್ತದೆ, ಹೂ ನಿಲ್ಲುವುದಿಲ್ಲ. ಹವೆ ಬದಲಾದಾಗ ಗಿಡ ತಾನಾಗಿ ಕಾಯಿ ಹಿಡಿಯುತ್ತದೆ; ಅಲ್ಲಿಯ ತನಕ ಮಧ್ಯಾಹ್ನದ ನೆರಳು, ಏರುಪೇರಿಲ್ಲದ ನೀರು, ಇಷ್ಟೇ ನಮ್ಮ ಕೈಲಿರುವುದು.

ಹವೆ ಹಿತವಾಗಿದ್ದೂ ಹೂವೇ ಕಡಿಮೆಯಿದ್ದು, ಎಲೆ ಮಾತ್ರ ಕಡುಹಸಿರಾಗಿ ಸೊಂಪಾಗಿ ಬೆಳೆದಿದ್ದರೆ ಸಾರಜನಕ ಹೆಚ್ಚಾಗಿದೆ. ಮನೆಯೊಳಗಿನ ಗಿಡಕ್ಕೆ ಇನ್ನೊಂದು ಕೊರತೆ, ಗಾಳಿ. ಮೆಣಸಿನ ಹೂ ತನ್ನ ಪರಾಗದಿಂದಲೇ ಕಾಯಿಯಾಗಬಲ್ಲದು, ಆದರೆ ಅದು ಅಲುಗಬೇಕು. ಬೆಳಗಿನ ಹೊತ್ತು ಅರಳಿದ ಹೂವಿನ ತೊಟ್ಟನ್ನು ಬೆರಳಿಂದ ಮೆಲ್ಲಗೆ ಮೀಟಿ.

ಕಾಯಿಯ ತುದಿ ಕಪ್ಪಾಗಿ ಒಳಸೇರಿದೆ

ಕಾಯಿಯ ತುದಿ ಮೊದಲು ಒದ್ದೆಯಾದಂತೆ ಕಂಡು, ಆಮೇಲೆ ಕಂದಾಗಿ ತಗ್ಗಾಗುತ್ತದೆ. ತುದಿಗೆ ಕ್ಯಾಲ್ಸಿಯಂ ತಲುಪಿಲ್ಲ ಎಂದರ್ಥ. ತಕ್ಷಣ ಮೊಟ್ಟೆಚಿಪ್ಪು ಪುಡಿಮಾಡಿ ಹಾಕುವವರಿದ್ದಾರೆ. ಅದು ಕರಗಿ ಬೇರಿಗೆ ಸಿಗಲು ತಿಂಗಳುಗಟ್ಟಲೆ ಬೇಕು. ಕ್ಯಾಲ್ಸಿಯಂ ಗಿಡದಲ್ಲಿ ಚಲಿಸುವುದು ನೀರಿನ ಜೊತೆಗೆ. ಒಂದು ದಿನ ಒಣ, ಮರುದಿನ ಪ್ರವಾಹ ಎಂಬಂತೆ ನೀರು ಕೊಟ್ಟರೆ ಮಣ್ಣಲ್ಲಿ ಕ್ಯಾಲ್ಸಿಯಂ ಇದ್ದರೂ ತುದಿಗೆ ಹೋಗದು. ನೀರಿನ ಹದ ಸರಿಮಾಡಿ, ಮಣ್ಣಿನ ಮೇಲೆ ಒಣ ಎಲೆ ಹೊದಿಸಿ, ಹತ್ತು ಲೀಟರಿಗಿಂತ ಚಿಕ್ಕ ಕುಂಡವಾದರೆ ದೊಡ್ಡದಕ್ಕೆ ಬದಲಾಯಿಸಿ. ಕೆಟ್ಟ ಕಾಯಿ ಕಿತ್ತುಬಿಡಿ. ಕಲೆ ತುದಿಯಲ್ಲಲ್ಲದೆ ಬಿಸಿಲಿಗೆ ಮುಖಮಾಡಿದ ಬದಿಯಲ್ಲಿ ಬಿಳಿಯಾಗಿದ್ದರೆ ಅದು ಬಿಸಿಲ ಸುಟ್ಟ ಗಾಯ.

ಹೆದರಬೇಕಿಲ್ಲದವು

ಕಾಂಡದ ಗೆಣ್ಣುಗಳಲ್ಲಿ ಕಪ್ಪು-ನೇರಳೆ ಪಟ್ಟಿ ಮೆಣಸಿಗೆ ಸಹಜ. ಮೊದಲ ಜೋಡಿ ಬೀಜದೆಲೆಗಳು ಹಳದಿಯಾಗಿ ಬೀಳುವುದು ಸಹಜ. ಕೆಲವು ಜಾತಿಯ ಕಾಯಿ ಮೇಲೆ ಬರುವ ಕಂದು ಗೀರುಗಳು ಕಾಯಿ ಬೇಗ ಹಿಗ್ಗಿದ್ದರಿಂದ ಬಂದವು. ಹಸಿರು ಕಾಯಿ ಹಣ್ಣಾಗುವ ಮೊದಲು ಕಪ್ಪಾಗುವುದೂ ಕೆಲವು ಜಾತಿಗಳಲ್ಲಿ ಉಂಟು. ಮುಟ್ಟಿ ನೋಡಿ, ಗಟ್ಟಿಯಾಗಿ ಹೊಳೆಯುತ್ತಿದ್ದರೆ ಕೊಳೆತದ್ದಲ್ಲ.

ಗಿಡವನ್ನು ಕೈಬಿಡಬೇಕಾದಾಗ

ಸೊರಗು ರೋಗದ ಪರೀಕ್ಷೆ ಸರಳ. ಬುಡದ ಹತ್ತಿರದಿಂದ ಬೆರಳುದ್ದ ಕಾಂಡ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಮಾತ್ರ ಮುಳುಗುವಂತೆ ಅಲುಗಾಡಿಸದೆ ಹಿಡಿಯಿರಿ. ಕೆಲವು ನಿಮಿಷದಲ್ಲಿ ಕತ್ತರಿಸಿದ ಜಾಗದಿಂದ ಹೊಗೆಯೆಳೆಯಂತೆ ಹಾಲುಬಣ್ಣದ ದಾರ ಕೆಳಗಿಳಿದರೆ ಬ್ಯಾಕ್ಟೀರಿಯಾದ ಸೊರಗು. ಇದಕ್ಕೆ ಮದ್ದಿಲ್ಲ. ವೈರಸ್ಸಿಗೂ ಇಲ್ಲ. ವಾರಗಟ್ಟಲೆ ಸಾಕಿದ ಗಿಡವನ್ನು ಕೀಳಲು ಮನಸ್ಸು ಬರುವುದಿಲ್ಲ, ಅದು ನನಗೆ ಗೊತ್ತು. ಆದರೂ ಪಕ್ಕದ ಗಿಡ ಉಳಿಯಬೇಕಾದರೆ ಇವತ್ತೇ ಕೀಳಬೇಕು.

ಮೊಸಾಯಿಕ್‌ನಂಥ ಹಳದಿ-ಹಸಿರು ಕಲೆ ಬಂದ ಗಿಡ ಮುಟ್ಟಿದ ಕೈಯಿಂದ ಇನ್ನೊಂದನ್ನು ಮುಟ್ಟಬೇಡಿ. ತಂಬಾಕಿನ ಮೊಸಾಯಿಕ್ ವೈರಸ್ ಮೆಣಸಿಗೂ ತಗಲುತ್ತದೆ. 1892ರಲ್ಲಿ ರಷ್ಯಾದ ವಿಜ್ಞಾನಿ ದ್ಮಿತ್ರಿ ಇವಾನೊವ್ಸ್ಕಿ ಆ ರೋಗ ಬಂದ ತಂಬಾಕಿನ ರಸವನ್ನು ಬ್ಯಾಕ್ಟೀರಿಯಾ ದಾಟದ ಸೋಸುಗದಲ್ಲಿ ಸೋಸಿದರೂ ರೋಗ ಹರಡುವುದನ್ನು ಕಂಡದ್ದರಿಂದಲೇ ವೈರಸ್ಸುಗಳ ಅಧ್ಯಯನ ಶುರುವಾಯಿತು. ಈ ವೈರಸ್ ಬಹಳ ಗಟ್ಟಿ ಜೀವ, ಸಿಗರೇಟಿನೊಳಗಿನ ಒಣ ತಂಬಾಕಿನಲ್ಲೂ ಉಳಿದಿರಬಲ್ಲದು. ತಂಬಾಕು ಮುಟ್ಟಿದವರು ಸೋಪಿನಲ್ಲಿ ಕೈ ತೊಳೆಯದೆ ಗಿಡದ ಹತ್ತಿರ ಹೋಗಬಾರದು.

ಕಿತ್ತ ಗಿಡವನ್ನು ಗೊಬ್ಬರದ ಗುಂಡಿಗೆ ಹಾಕದೆ ಚೀಲದಲ್ಲಿ ಕಟ್ಟಿ ಹೊರಗೆ ಹಾಕಿ. ಕುಂಡವನ್ನು ಮೊದಲು ಮಣ್ಣೆಲ್ಲ ಹೋಗುವಂತೆ ತಿಕ್ಕಿ ತೊಳೆದು, ಒಂದು ಭಾಗ ಬ್ಲೀಚ್ ದ್ರಾವಣಕ್ಕೆ ಒಂಬತ್ತು ಭಾಗ ನೀರು ಬೆರೆಸಿ ಹತ್ತು ನಿಮಿಷ ನೆನೆಸಿ, ಬಿಸಿಲಿಗೆ ಒಣಗಿಸಿ. ಕತ್ತರಿಗೂ ಅದೇ. ಆ ಮಣ್ಣಿಗೆ ಮತ್ತೆ ಮೆಣಸು, ಟೊಮೆಟೊ, ಬದನೆ ಹಾಕಬೇಡಿ. ಹೊಸ ಸಸಿ ತಂದರೆ ಹಳೆಯ ಗಿಡಗಳ ಪಕ್ಕ ಕೂರಿಸುವ ಮೊದಲು ಎರಡು ವಾರ ಬೇರೆಯೇ ಇಡಿ, ಮತ್ತು ಪ್ರತಿ ಮೂರು ದಿನಕ್ಕೊಮ್ಮೆ ಅದರ ಚಿಗುರನ್ನು ಬಿಳಿ ಹಾಳೆಯ ಮೇಲೆ ತಟ್ಟಿ ನೋಡಿ.